ಹೊಟ್ಟೆಗೆ ಚುಚ್ಚುವ ಸೂಜಿ

ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಚಿಕ್ಕೋಡಿಯಲ್ಲಿ ನಾನು ಔಷಧಿ ಅಂಗಡಿಯವರಿಗೂ ಸರಕಾರಿ ಆಸ್ಪತ್ರೆಗಳ ಫಾರ್ಮಸಿಸ್ಟರಿಗೂ ಒಂದು ತರಬೇತಿ ಕೊಡುತ್ತೇನೆ. ಹೊಳೆ ಬಂದಾಗ, ಬೆಂಕಿ ಬಿದ್ದಾಗ, ಊರಿಗೆ ಊರೇ ವಾಂತಿಭೇದಿ ಹಿಡಿದು ಮಲಗಿದಾಗ ಔಷಧಿ ಕೊಡುವವರು ಏನು ಮಾಡಬೇಕು ಎಂಬುದು ವಿಷಯ. ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದಿಂದಲೂ ಜನ ಬರುತ್ತಾರೆ. ಬಂದವರು ಮುಂದಿನ ಸಾಲು ಖಾಲಿ ಬಿಟ್ಟು ಬಾಗಿಲ ಬಳಿಯ ಕುರ್ಚಿಗಳನ್ನೇ ಹಿಡಿಯುತ್ತಾರೆ. ಇದು ತರಬೇತಿಯ ವೇಷ ಹಾಕಿಕೊಂಡು ಬಂದ ತಪಾಸಣೆ ಎಂದು ಅವರಿಗೆ ಗುಮಾನಿ.

"ಹೊಳೆ ಬಂದರೆ ನಿಮ್ಮ ನಿಮ್ಮ ಅಂಗಡಿಯಿಂದ ಏನೇನು ಕೊಡಬಲ್ಲಿರಿ?" ಎಂದು ಕೇಳಿದೆನೋ, ಮುಗಿಯಿತು. ಇದ್ದಕ್ಕಿದ್ದಂತೆ ಎಲ್ಲರ ಅಂಗಡಿಯೂ ಖಾಲಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನಮ್ಮದು. ಅಥಣಿಯವರೊಬ್ಬರು ಎದ್ದು ನಿಂತು ಕೇಳಿಯೇ ಬಿಟ್ಟರು: "ಮೇಡಂ, ಇದು ಟ್ರೇನಿಂಗೋ ರೇಡೋ, ಮೊದಲ ಹೇಳಿಬಿಡ್ರಿ. ಕೂಡೂದೋ ಏಳೂದೋ ಆಮ್ಯಾಲ ನೋಡ್ತೀನಿ." ಶೇಡಬಾಳದ ಜೈನ ವ್ಯಾಪಾರಿಯೊಬ್ಬರಿಗೆ ಮಾತ್ರ ಬೇರೆ ಚಿಂತೆ. "ಹೊತ್ತು ಮುಣಗೂದ್ರಾಗ ಬಿಡ್ರಿ ಮೇಡಂ, ಊಟ ತಪ್ಪತೈತಿ" ಎಂದರು.

ನನಗೆ ಇವರ ಮೇಲೆ ಸಿಟ್ಟು ಬರುವುದಿಲ್ಲ. ನಾನೂ ಅದೇ ಜಾತಿಯವಳು, ಸರಕಾರಿ ಆಸ್ಪತ್ರೆಯ ಫಾರ್ಮಸಿಸ್ಟ್. ನಮ್ಮ ಕಸುಬೇ ಸಂಶಯದ್ದು. ಮಿರಜಿನ ಡಾಕ್ಟರು ಗೀಚಿದ ಚೀಟಿಯನ್ನು ಎರಡು ಸಲ ಓದಬೇಕು, ತಂದವನ ಮುಖವನ್ನು ಮೂರನೆಯ ಸಲ ನೋಡಬೇಕು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಬೇರೆಯವರಿಗೆ ಬುದ್ಧಿಮಾತು, ಬಿಳಿ ಮಾತ್ರೆಗಳ ನಡುವೆ ಬಾಳುವ ನಮಗೆ ಅದು ದಿನದ ಕೆಲಸ. ಮನೆಯಲ್ಲಿ ಗಂಡ ಅಣಕಿಸುತ್ತಾರೆ: "ನೀ ನನ್ನ ಮಾರಿ ಮ್ಯಾಲೂ ಎಕ್ಸ್‌ಪೈರಿ ಡೇಟ್ ಹುಡುಕ್ತಿ." ಹುಡುಕುತ್ತೇನೆ, ನಿಜ.

ಅಂಗಡಿಯಲ್ಲಿ ಜೀವ ಉಳಿಸುವ ಈ ಸಂಶಯ ಗಂಜಿ ಕೇಂದ್ರದಲ್ಲಿ ಏನು ಮಾಡುತ್ತದೆ ಎಂಬುದನ್ನು ಮಾತ್ರ ನಾನು ಒಂದು ಮಳೆಗಾಲದಲ್ಲಿ ಕಂಡೆ. ಅಲ್ಲಿ ಒಬ್ಬ ಸೊಸೆ ಸಾವಿನ ಬಾಗಿಲವರೆಗೆ ಹೋಗಿ ಬಂದಳು. ಕೃಷ್ಣೆಯ ನೀರು ಅವಳ ಕಾಲನ್ನೂ ನೆನೆಸಿರಲಿಲ್ಲ.

ಆ ವರ್ಷವೇ ನನಗೂ ಮೊದಲ ತರಬೇತಿಯಾಗಿತ್ತು. ಬೆಂಗಳೂರಿನಿಂದ ಬಂದಿದ್ದ ಒಬ್ಬರು ಪರದೆಯ ಮೇಲೆ ಚಂಡಮಾರುತದ ಚಿತ್ರ ತೋರಿಸಿದರು. ಭೂಕಂಪ ತೋರಿಸಿದರು. ನನ್ನ ಪಕ್ಕದಲ್ಲಿದ್ದ ರಾಯಬಾಗದವರು, "ನಮ್ಮ ಕಡೆ ಸಮುದ್ರ ಯಾವಾಗ ಬಂತ್ರಿ?" ಎಂದು ಕಿವಿಯಲ್ಲಿ ಕೇಳಿ ನನ್ನನ್ನು ನಗಿಸಿದರು. ಕೊನೆಗೆ ಒಂದು ಕೆಲಸದ ಮಾತು ಬಂತು. ಕೇಂದ್ರಕ್ಕೆ ಹೋದ ಕೂಡಲೇ ಎಲ್ಲರನ್ನೂ ಕೂಡಿಸಿ ಗಟ್ಟಿಯಾಗಿ ಕೇಳಿ, ಸಕ್ಕರೆ ಕಾಯಿಲೆ ಯಾರಿಗೆ, ಬಿಪಿ ಯಾರಿಗೆ, ಫಿಟ್ಸ್ ಯಾರಿಗೆ. ಇದ್ದವರನ್ನು ಎಬ್ಬಿಸಿ ನಿಲ್ಲಿಸಿ, ಅವರ ಔಷಧಿ ತಪ್ಪದಂತೆ ನೋಡಿಕೊಳ್ಳಿ. ಸರಿಯಾದ ಮಾತೇ ಎಂದು ಬರೆದುಕೊಂಡೆ.

ಶ್ರಾವಣ ಹತ್ತಿರ ಬರುವಾಗ ಮಹಾರಾಷ್ಟ್ರದ ಕಡೆಯಿಂದ ನೀರು ಬಿಟ್ಟರು. ಯಡೂರಿನ ಸುತ್ತಿನ ಹೊಳೆದಂಡೆಯ ಹಳ್ಳಿಗಳು ಖಾಲಿಯಾದವು. ನಮ್ಮ ಜನ ಮೊದಲು ದನ ದಾಟಿಸುತ್ತಾರೆ, ಆಮೇಲೆ ಕಾಳಿನ ಚೀಲ, ಕಡೆಗೆ ತಾವು. ದಿನ್ನೆಯ ಮೇಲಿನ ಹೈಸ್ಕೂಲಿಗೆ ಟ್ರ್ಯಾಕ್ಟರುಗಳಲ್ಲಿ ಬಂದಿಳಿದರು. ಹೆಡ್‌ಮಾಸ್ತರರ ಕೋಣೆಯನ್ನು ನನಗೆ ಕೊಟ್ಟರು. ಮಾತ್ರೆಗಳ ಪೆಟ್ಟಿಗೆ, ಓಆರ್‌ಎಸ್, ಗಾಯದ ಪಟ್ಟಿ, ಲಸಿಕೆ ಒಯ್ಯುವ ನೀಲಿ ತಂಪು ಡಬ್ಬಿ ಮತ್ತು ಕೈಗೊಬ್ಬಳು ಆಯಾ, ಇಷ್ಟು ನನ್ನ ಬಳಗ.

ಹೇಳಿಕೊಟ್ಟಂತೆಯೇ ಗಟ್ಟಿಯಾಗಿ ಕೇಳಿದೆ. ನಿವೃತ್ತ ಮಾಸ್ತರೊಬ್ಬರು ಬಹುಮಾನ ತೆಗೆದುಕೊಳ್ಳುವವರ ಹಾಗೆ ಎದ್ದು, "ನಂದು ಇನ್ಸುಲಿನ್ ರೀ, ಹಳೇ ಪೇಶಂಟ್" ಎಂದರು. ಬಿಪಿಯ ಮುದುಕಿಯರು ಎದ್ದರು. ಇಬ್ಬರು ದಮ್ಮಿನವರು ಎದ್ದರು. ಹರೆಯದ ಹೆಣ್ಣುಮಕ್ಕಳಲ್ಲಿ ಒಬ್ಬಳೂ ಏಳಲಿಲ್ಲ. ಎಲ್ಲರೂ ಗಟ್ಟಿಮುಟ್ಟು ಎಂದುಕೊಂಡು ಸುಮ್ಮನಾದೆ. ಈಗ ತರಬೇತಿಯಲ್ಲಿ ಇದನ್ನೇ ಮೊದಲು ಹೇಳುತ್ತೇನೆ: ಅತ್ತೆ, ಮಾವ, ಓಣಿಯವರೆಲ್ಲ ಕೂತಿರುವಾಗ ಎದ್ದು ನಿಂತು "ನನಗೆ ರೋಗ ಇದೆ" ಎನ್ನುವ ಸೊಸೆ ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಒಬ್ಬೊಬ್ಬಳನ್ನೇ ಬೇರೆ ಕರೆದು ಕೇಳಿ.

ಕೇಂದ್ರದಲ್ಲಿ ಎಲ್ಲರಿಗೂ ಎಲ್ಲದರ ಮೇಲೂ ಸಂಶಯ. ಕುಡಿಯುವ ನೀರಿಗೆ ನಾನು ಕ್ಲೋರಿನ್ ಗುಳಿಗೆ ಹಾಕಿದರೆ, ಹೆಂಗಸರು ತಂಬಿಗೆಯನ್ನು ಮೂಗಿಗೆ ಹಿಡಿದು ನೋಡಿ ಚೆಲ್ಲುತ್ತಿದ್ದರು. ಅದನ್ನು ಕುಡಿದರೆ ಮಕ್ಕಳಾಗುವುದಿಲ್ಲ ಎಂದು ಯಾರೋ ಹಬ್ಬಿಸಿದ್ದರು. ನಾನು ಅವರೆದುರೇ ಗಟಗಟ ಕುಡಿದು ತೋರಿಸಿದೆ. "ನಿಮಗೇನ್ರಿ, ನಿಮ್ಮವು ಆಗಿ ಮುಗದಾವ" ಎಂದಳು ಒಬ್ಬಳು.

ಎರಡೇ ದಿನದಲ್ಲಿ ನನಗೂ ಸಂಶಯ ಶುರುವಾಯಿತು. ತಂಪು ಡಬ್ಬಿಯಲ್ಲಿ ಮಾಸ್ತರರಿಗೆಂದು ಇಟ್ಟ ಇನ್ಸುಲಿನ್ ಬಾಟಲಿ, ಅವರಿಗೆ ಕೊಟ್ಟದ್ದಕ್ಕಿಂತ ಬೇಗ ಇಳಿಯುತ್ತಿತ್ತು. ಹೊರಗೆ ಸೇತುವೆ ಮುಳುಗಿತ್ತು, ರಸ್ತೆ ಇರಲಿಲ್ಲ, ದೋಣಿ ಯಾವಾಗ ಬರುತ್ತದೋ ಗೊತ್ತಿರಲಿಲ್ಲ. ಇದು ತೀರಿದರೆ ಇನ್ನೊಂದೇ ಬಾಟಲಿ, ಅದೂ ತೀರಿದರೆ ಮಾಸ್ತರರ ಗತಿ ಏನು? ನನ್ನ ಕಣ್ಣು ನೇರವಾಗಿ ಆಯಾಳ ಮೇಲೆ ಹೋಯಿತು. ಅವಳ ತಮ್ಮನಿಗೆ ಔಷಧಿ ಅಂಗಡಿ ಇದೆ ಎಂಬುದಷ್ಟೇ ಸಾಕಾಯಿತು. ಬಾಟಲಿಯೊಳಗಿನ ಔಷಧಿಯನ್ನು ಹನಿ ಹನಿಯಾಗಿ ಕದ್ದು ಯಾವ ಅಂಗಡಿಯವನು ಮಾರುತ್ತಾನೆ ಎಂದು ತಲೆಗೆ ಹೊಳೆಯಲೇ ಇಲ್ಲ. ಗುಮಾನಿಗೆ ಕಾಲಿರುತ್ತದೆ, ತಲೆ ಇರುವುದಿಲ್ಲ.

ಊಟದ ಗಂಟೆ ಬಾರಿಸಿದರೆ ಇಡೀ ಶಾಲೆ ಪಡಸಾಲೆಯಲ್ಲಿ ಸಾಲುಗಟ್ಟುತ್ತಿತ್ತು. ಆ ಮಧ್ಯಾಹ್ನ ನಾನೂ ತಟ್ಟೆ ಹಿಡಿದು ಹೊರಟವಳಂತೆ ಮಾಡಿ, ಕಪಾಟಿನ ಹಿಂದೆ ನಿಂತೆ. ಒಳಗೆ ಬಂದವಳು ಆಯಾ ಅಲ್ಲ. ಹಸಿರು ಬಳೆಯ ಒಬ್ಬ ಎಳೆಯ ಸೊಸೆ. ಗಾಬರಿ ಇಲ್ಲದೆ ಡಬ್ಬಿ ತೆರೆದಳು, ಕುಪ್ಪಸದಿಂದ ಸಣ್ಣ ಸಿರಿಂಜ್ ತೆಗೆದಳು, ಬಾಟಲಿಯನ್ನು ಬುಡಮೇಲು ಮಾಡಿ ಅಳೆದು ಎಳೆದಳು, ಸೆರಗು ಸರಿಸಿ ಹೊಟ್ಟೆಗೆ ಚುಚ್ಚಿಕೊಂಡಳು. ಅಷ್ಟು ಸಲೀಸು ಕೈ ವರ್ಷಗಟ್ಟಲೆ ಚುಚ್ಚಿಕೊಂಡವರಿಗೇ ಬರುವುದು.

ನಾನು ಮುಂದೆ ಬಂದದ್ದೇ ಅವಳು ಕುಸಿದು ನನ್ನ ಕಾಲು ಹಿಡಿದಳು.

"ಅತ್ತಿಗೆ ಹೇಳಬ್ಯಾಡ್ರಿ ಬಾಯಾರ. ನಿಮ್ಮ ಪಾಯಾ ಬೀಳ್ತೀನಿ. ಹೊರಗ ಹಾಕ್ತಾರ."

ಕೊಗನೊಳ್ಳಿಯ ಹುಡುಗಿ. ಶಾಲೆಗೆ ಹೋಗುವಾಗಲೇ ಈ ಕಾಯಿಲೆ ಬಂದಿತ್ತು. ಇನ್ಸುಲಿನ್ ಇಲ್ಲದಿದ್ದರೆ ಕೆಲವೇ ದಿನಗಳ ಬದುಕು. ತವರಿನವರು ಮುಚ್ಚಿಟ್ಟು ಮದುವೆ ಮಾಡಿದ್ದರು. ಗಂಡ ಲಾರಿ ಡ್ರೈವರ್, ಬರುವುದು ಅಪರೂಪ, ಅವನಿಗೂ ಗೊತ್ತಿಲ್ಲ. ತಾಯಿ ನಿಪ್ಪಾಣಿಯಲ್ಲಿ ಔಷಧಿ ಕೊಂಡು, ಬಂದು ಹೋಗುವವರ ಕೈಯಲ್ಲಿ ಹಪ್ಪಳದ ಡಬ್ಬಿಯೊಳಗೆ ಕಳಿಸುತ್ತಿದ್ದಳು. ಇವಳು ಅದನ್ನು ಕಟ್ಟಿಗೆಯ ಹಿಂದೆ, ನೀರು ತುಂಬಿದ ಸಣ್ಣ ಗಡಿಗೆಯಲ್ಲಿ ತಂಪಾಗಿ ಇಡುತ್ತಿದ್ದಳು. ಊರು ಬಿಡುವ ದಿನ ನೋಡಿದರೆ ಗಡಿಗೆ ಇತ್ತು, ಬಾಟಲಿ ಇರಲಿಲ್ಲ.

ನಾನು ನಂಬಲಿಲ್ಲ. ಅತ್ತು ಹೇಳಿದ ಕತೆಗಳನ್ನು ಔಷಧಿಯ ಕಿಟಕಿಯಲ್ಲಿ ಬೇಕಾದಷ್ಟು ಕೇಳಿದ್ದೇನೆ. ಬೆರಳು ಚುಚ್ಚಿ ಮೀಟರಿನಲ್ಲಿ ನೋಡಿದೆ. ಸಕ್ಕರೆ ಏರಿ ಕೂತಿತ್ತು. ಮೀಟರ್ ಅಳುವುದಿಲ್ಲ, ಅದನ್ನು ನಂಬಿದೆ.

"ಇಷ್ಟ್ಯಾಕ ಏರೈತಿ? ತಗೋಳಾಕತ್ತೀಯಲ್ಲ?"

"ಅರ್ಧಾನ ತಗೊಂಡೀನ್ರಿ. ಮಾಸ್ತರಿಗೆ ಕಡಿಮಿ ಬೀಳಬಾರದಂತ."

ಬೈಯಬೇಕೆಂದು ಬಾಯಿ ತೆರೆದವಳು ಬೈದದ್ದು ಬೇರೆಯದಕ್ಕೆ. ತನ್ನ ಹಳೆಯ ಸೂಜಿಯನ್ನು ಇನ್ನೊಬ್ಬರ ಬಾಟಲಿಗೆ ಅದ್ದುವುದೇ? ಆ ಬಾಟಲಿಯನ್ನು ಅವಳಿಗೇ ಬಿಟ್ಟು, ಮಾಸ್ತರರಿಗೆ ಇದ್ದೊಂದು ಹೊಸದನ್ನು ತೆರೆದೆ. ಹೊಸ ಸಿರಿಂಜುಗಳನ್ನು ಕೊಟ್ಟೆ. ತಾಲ್ಲೂಕು ಆಸ್ಪತ್ರೆಯ ಡಾಕ್ಟರಿಗೆ ಫೋನ್ ಮಾಡಿ ಪ್ರಮಾಣ ಕೇಳಿಕೊಂಡೆ. ಯಾರಿಗೂ ಹೇಳುವುದಿಲ್ಲ ಎಂದು ಅವಳಿಗೆ ಮಾತು ಕೊಟ್ಟೆ. ಊಟದ ಹೊತ್ತಿಗೆ ಅವಳು ನನ್ನ ಕೋಣೆಗೆ ಬರಲು ಒಂದು ನೆಪ ಬೇಕಲ್ಲ. ಪಿಯುಸಿ ಕಲಿತವಳು, ಮಾತ್ರೆ ಎಣಿಸಿ ಪೊಟ್ಟಣ ಕಟ್ಟಲು ಬರಲಿ ಎಂದು ಎಲ್ಲರೆದುರು ಹೇಳಿದೆ. ಎರಡು ದಿನ ಚೆನ್ನಾಗಿ ನಡೆಯಿತು. ಹುಡುಗಿಯ ಮುಖಕ್ಕೆ ಕಳೆ ಬಂತು.

ಮೂರನೆಯ ದಿನ ಅತ್ತೆ ಬಂದಳು. ಎತ್ತರದ, ನೆಟ್ಟಗಿನ ಹೆಂಗಸು. ತಲೆಯ ಮೇಲಿನ ಸೆರಗು ಸ್ವಲ್ಪವೂ ಜಾರದು. ಬಾಗಿಲು ಎಳೆದುಕೊಂಡು ನಿಂತೇ ಕೇಳಿದಳು.

"ಬಾಯಾರ, ನನ್ನ ಸೊಸಿಗೆ ಏನ್ ಸೂಜಿ ಮಾಡಾಕತ್ತೀರಿ?"

"ಸೊರಗ್ಯಾಳಲ್ರಿ, ಶಕ್ತಿ ಸೂಜಿ."

"ಶಕ್ತಿ ಸೂಜಿ ಹೊಟ್ಟಿಗೆ ಮಾಡ್ತಾರೇನ್ರಿ?"

ಕಿಟಕಿಯ ಸಂದಿಯಿಂದ ನೋಡಿದ್ದಾಳೆ ಎಂದು ಗೊತ್ತಾಯಿತು.

"ತೋಳಿಗೆ ಮಾಡೂದು ಕಂಡೀನಿ, ಕುಂಡಿಗೆ ಮಾಡೂದು ಕಂಡೀನಿ. ಹೊಟ್ಟಿಗೆ ಸೂಜಿ ಅಂದ್ರ ಮಕ್ಕಳಾಗಬಾರದಂತ ಮಾಡೂದು. ಅಷ್ಟೂ ತಿಳಿಯೂದಿಲ್ಲೇನ್ರಿ ನನಗ? ಮನ್ಯಾಗೂ ಕಟಿಗಿ ಹಿಂದ ಗಡಿಗ್ಯಾಗ ಒಂದು ಬಾಟಲಿ ಸಿಕ್ಕಿತ್ತು. ಹೊಳಿಗೆ ಬಿಟ್ಟು ಬಂದೀನಿ. ಈಗ ನೀವು ಶುರು ಹಚಗೊಂಡೀರಿ."

ಬಾಟಲಿ ಎಲ್ಲಿ ಹೋಯಿತೆಂದು ಆಗ ತಿಳಿಯಿತು. ನನ್ನ ನಾಲಿಗೆಯ ತುದಿಗೆ ನಿಜ ಬಂದಿತ್ತು. ಈ ಹೆಂಗಸಿನ ಮುಖ ನೋಡಿದೆ. ಮದುವೆಯಾದ ಮೇಲೆ ಎರಡು ಪಂಚಮಿ ಕಳೆದರೂ ಸೊಸೆ ಬಸುರಾಗಿಲ್ಲ ಎಂದು ಹಲ್ಲು ಕಚ್ಚಿಕೊಂಡಿರುವವಳು. ನಿಜ ಹೇಳಿದರೆ ನೀರು ಇಳಿದ ಕೂಡಲೇ ಹುಡುಗಿಯನ್ನು ಕೊಗನೊಳ್ಳಿಯ ಬಸ್ಸು ಹತ್ತಿಸುವವಳೇ ಎಂದು ತೀರ್ಮಾನಿಸಿದೆ. "ಅಂಥಾದ್ದೇನಿಲ್ರಿ, ನಾ ಆಣಿ ಮಾಡ್ತೀನಿ" ಎಂದೆ. ಆಣೆಯನ್ನು ಅವಳು ನಂಬಲಿಲ್ಲ. ನಾನಾಗಿದ್ದರೂ ನಂಬುತ್ತಿರಲಿಲ್ಲ.

ಅವತ್ತೇ ದೋಣಿ ಬಂತು. ಆಚೆ ಊರಿನ ಕೇಂದ್ರದಲ್ಲಿ ವಾಂತಿಭೇದಿ, ಓಆರ್‌ಎಸ್ ತೆಗೆದುಕೊಂಡು ಕೂಡಲೇ ಬರಬೇಕೆಂದು ಸುದ್ದಿ. ಹೊರಡುವ ಮೊದಲು ಹುಡುಗಿಗೆ ಸನ್ನೆ ಮಾಡಿ ಡಬ್ಬಿ ತೋರಿಸಿದೆ, ಅವಳು ಕಣ್ಣಲ್ಲೇ ಹೂಂ ಎಂದಳು. ಆಯಾಗೆ ಒಂದು ಮಾತು ಹೇಳಿ ಹೋಗಬಹುದಿತ್ತು. ಹೇಳಲಿಲ್ಲ. ಅವಳ ಮೇಲಿನ ಕಳ್ಳತನದ ಗುಮಾನಿ ಹೋಗಿತ್ತು, ಬಾಯಿಯ ಮೇಲಿನದು ಹೋಗಿರಲಿಲ್ಲ.

ಆಚೆ ಊರಿನಲ್ಲಿ ಕೆಲಸ ಬೆಳೆಯಿತು. ಮರುದಿನ ಮಧ್ಯಾಹ್ನ ದೋಣಿ ಇಳಿದು ದಿನ್ನೆ ಹತ್ತಿ ಬರುವಾಗ ಶಾಲೆಯಲ್ಲಿ ಗದ್ದಲವೋ ಗದ್ದಲ. ಒಳಗೆ ಕಾಲಿಟ್ಟೆ, ಯಾರೋ ನನ್ನ ಅಂಗೈಗೆ ಸಕ್ಕರೆ ಹಾಕಿದರು.

"ಬಾಯಿ ಸಿಹಿ ಮಾಡ್ಕೋರಿ ಬಾಯಾರ. ಅವರ ಸೊಸಿಗೆ ದಿವಸ ಹೋಗ್ಯಾವ. ಮುಂಜಾನಿಂದ ವಾಂತಿ ಮಾಡಾಕತ್ತಾಳ."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಹಿಂದಿನ ಮಧ್ಯಾಹ್ನದಿಂದ ಸೊಸೆಯನ್ನು ಅತ್ತೆ ತನ್ನ ಪಕ್ಕದಿಂದ ಏಳಗೊಟ್ಟಿರಲಿಲ್ಲ, ಕಾಲುಮಡಿಯಲು ಹೋದರೂ ಹಿಂದೆಯೇ ಹೋಗಿದ್ದಳು. ಸೂಜಿ ತಪ್ಪಿತ್ತು. ಬೆಳಗಾಗುತ್ತಲೇ ವಾಂತಿ. ಹೊಸ ಸೊಸೆ ವಾಂತಿ ಮಾಡಿದರೆ ನಮ್ಮ ಹೆಂಗಸರಿಗೆ ಡಾಕ್ಟರ ಅಪ್ಪಣೆ ಬೇಕಿಲ್ಲ. ಹೊಟ್ಟೆಗೆ ಚುಚ್ಚುವ ಸೂಜಿ ತಪ್ಪಿಸಿದ ಕೂಡಲೇ ಗರ್ಭ ನಿಂತಿತು ಎಂದು ಅತ್ತೆಯ ಲೆಕ್ಕ. ಒಂದೇ ರಾತ್ರಿಯಲ್ಲಿ ಹೇಗೆ ನಿಲ್ಲುತ್ತದೆ, ಗಂಡ ಎಲ್ಲಿದ್ದಾನೆ ಎಂದು ಅಷ್ಟು ಜನರಲ್ಲಿ ಒಬ್ಬರೂ ಕೇಳಲಿಲ್ಲ. ಹೊಲ, ಮನೆ ಎಲ್ಲ ನೀರಿನಡಿ ಇದ್ದಾಗ ಒಂದು ಒಳ್ಳೆಯ ಸುದ್ದಿ ಎಲ್ಲರಿಗೂ ಬೇಕಾಗಿತ್ತು.

ಹೆಂಗಸರನ್ನು ತಳ್ಳಿಕೊಂಡು ಒಳಗೆ ಹೋದೆ. ಹುಡುಗಿ ಗೋಡೆಗೆ ಒರಗಿದ್ದಳು. ಕಣ್ಣು ಒಳಗೆ ಹೋಗಿದ್ದವು. ಉಸಿರು ಆಳಕ್ಕೆ, ಜೋರಾಗಿ, ಓಡಿ ಬಂದವರ ಉಸಿರಿನಂತೆ. ಹತ್ತಿರ ಬಾಗಿದರೆ ಬಾಯಿಂದ ಕಳಿತ ಹಣ್ಣಿನ ವಾಸನೆ. ಅತ್ತೆ ಪಕ್ಕದಲ್ಲಿ ಕೂತು ಅವಳ ಗಲ್ಲ ಹಿಡಿದು ಬಾಯಿಗೆ ಸಕ್ಕರೆ ಹಾಕುತ್ತಿದ್ದಳು, ಮೇಲೆ ಸಕ್ಕರೆ ಕದಡಿದ ನೀರು ಕುಡಿಸುತ್ತಿದ್ದಳು. ಆ ಹೆಂಗಸಿನ ಮುಖದಲ್ಲಿ ನಗು ಕಂಡದ್ದು ಅವತ್ತೇ ಮೊದಲು. ಹುಡುಗಿ ಬೇಡ ಎನ್ನಲೂ ಶಕ್ತಿಯಿಲ್ಲದೆ, ಬಾಯಾರಿಕೆಗೆ ಗುಟುಕರಿಸುತ್ತಿದ್ದಳು.

ಲೋಟವನ್ನು ಕಿತ್ತು ಎಸೆದೆ.

"ಅಕಿ ಬಸರಿಲ್ಲ!" ಎಂದು ಕಿರುಚಿದೆ. ಮಾತು ಕೊಟ್ಟದ್ದು ನೆನಪಿತ್ತು, ನೆನಪಿದ್ದೇ ಕಿರುಚಿದೆ. "ಅಕಿಗೆ ಸಕ್ರಿ ಕಾಯಿಲೆ ಐತಿ. ಸಣ್ಣಾಕಿ ಇದ್ದಾಗಿಂದ ಐತಿ. ನೀವು ಹೊಳಿಗೆ ಬಿಟ್ಟದ್ದು ಅಕಿ ಜೀವಾ. ಇನ್ನೊಂದು ಚಮಚ ಸಕ್ರಿ ಹಾಕಿದ್ರ ಹೆಣಾ ಎತ್ತಬೇಕಾಗತೈತಿ!"

ನಾನು ಡಬ್ಬಿ ತರಿಸಿ, ಡಾಕ್ಟರಿಗೆ ಫೋನ್ ಹಚ್ಚಿ, ಅವರು ಹೇಳಿದಷ್ಟು ಕೊಟ್ಟೆ. ಹುಡುಗಿಯನ್ನು ದೋಣಿಗೆ ಹೊತ್ತೊಯ್ದವರು ಬೆಳಗಿನಿಂದ ಸಕ್ಕರೆ ತಿಂದವರೇ. ದೋಣಿ ಹತ್ತುವಾಗ ಅತ್ತೆ ಯಾರನ್ನೂ ಕೇಳಲಿಲ್ಲ, ನೀರಿಗಿಳಿದು ಬಂದು ಕೂತಳು. ಆಚೆ ದಂಡೆಯಲ್ಲಿ ಆಂಬುಲೆನ್ಸ್ ನಿಂತಿತ್ತು. ಚಿಕ್ಕೋಡಿ ಮುಟ್ಟುವವರೆಗೂ ಅವಳು ಸೊಸೆಯ ಪಾದಗಳನ್ನು ತಿಕ್ಕುತ್ತಿದ್ದಳು. ಈ ಹೆಂಗಸು ಮನಸ್ಸಿನಲ್ಲಿ ಏನು ಹೂಡುತ್ತಿದ್ದಾಳೆ ಎಂದು ನಾನು ದಾರಿಯುದ್ದಕ್ಕೂ ಅವಳ ಕೈಗಳನ್ನೇ ಕಾಯುತ್ತಿದ್ದೆ.

ಸಲಾಯಿನ್ ಹಚ್ಚಿದರು. ದಿನವಿಡೀ ಹನಿ ಹನಿಯಾಗಿ ಔಷಧಿ ಹೋಯಿತು. ಮರುದಿನ ಬೆಳಗ್ಗೆ ಹುಡುಗಿ ಕಣ್ಣು ಬಿಟ್ಟಾಗ ನಾನು ಎದುರಿಗಿದ್ದೆ. ಬದುಕಿದೆನೇ ಎಂದು ಅವಳು ಕೇಳಲಿಲ್ಲ.

"ಎಲ್ಲಾರ ಮುಂದ ಹೇಳಿದ್ರೇನ್ರಿ?"

"ಹೇಳಿದೆ ಯವ್ವಾ."

ಅವಳು ಗೋಡೆಯ ಕಡೆ ಮುಖ ತಿರುಗಿಸಿ ಮುಸುಕು ಎಳೆದುಕೊಂಡಳು. ಸಾವಿನಿಂದ ಎಳೆದು ತಂದದ್ದಕ್ಕೆ ಇಷ್ಟು ಕೋಪ ಮಾಡಿಕೊಂಡವರನ್ನು ನಾನು ನೋಡಿಲ್ಲ.

ಅತ್ತೆ ಮಂಚದ ಕಾಲಬದಿಯಲ್ಲಿ ನೆಲದ ಮೇಲೆ ಕೂತಿದ್ದಳು. ನನ್ನನ್ನು ಕರೆದು ಹತ್ತಿರ ಕೂಡಿಸಿಕೊಂಡಳು. ಈಗ ಬರುತ್ತದೆ ಮೋಸದ ಮದುವೆಯ ಮಾತು, ಪಂಚರನ್ನು ಕೂಡಿಸುವ ಮಾತು ಎಂದು ನಾನು ಉತ್ತರಗಳನ್ನು ಜೋಡಿಸಿಕೊಂಡೆ.

"ಬಾಯಾರ, ಈ ಸೂಜಿ ದಿನಾ ಬೇಕೇನ್ರಿ?"

"ದಿನಾ ಬೇಕ್ರಿ."

"ಮಕ್ಕಳಾಗತಾವೇನ್ರಿ?"

"ಸಕ್ರಿ ಹತೋಟ್ಯಾಗ ಇಟಗೊಂಡು, ಡಾಕ್ಟರ ಹೇಳಿದಂಗ ನಡಕೊಂಡ್ರ ಆಗತಾವ್ರಿ."

ಅವಳು ಸೊಸೆಯ ಕಾಲ ಮೇಲೆ ಹೊದಿಕೆ ಎಳೆದಳು. ಆಮೇಲೆ ದನಿ ಇಳಿಸಿ ಹೇಳಿದಳು: "ಬಾಯಿ ಬಿಟ್ಟು 'ಅತ್ತೀ, ನನಗ ಹಿಂಗೈತಿ' ಅನ್ನೂದಕ್ಕಿಂತ ಸಾಯೂದ ಚಲೋ ಅನಿಸ್ತಲ್ರಿ ಅಕಿಗೆ. ನಾ ಸಕ್ರಿ ಹಾಕಾಗೂ ಸುಮ್ನ ನುಂಗಿದಳು. ಎದಕ್ ನುಂಗಿದಳ್ರಿ? ನಾ ಅಷ್ಟು ಕೆಟ್ಟಾಕಿ ಕಾಣ್ತೀನೇನ್ರಿ?"

ಇಷ್ಟು ವರ್ಷ ಮುಖ ನೋಡಿ ಔಷಧಿ ಕೊಟ್ಟ ನಾನು ಅವಳ ಮುಖವನ್ನೂ ಹುಡುಕಿ ನೋಡಿದೆ, ಎಲ್ಲಾದರೂ ನಾಟಕ ಇದೆಯೇ ಎಂದು. ಕಣ್ಣು ತುಂಬಿ, ಮೂಗು ಸೋರಿ, ಅದನ್ನು ಒರೆಸಿಕೊಳ್ಳಲೂ ತೋಚದೆ ಕೂತಿದ್ದಳು. ನಾನೂ ಅವಳನ್ನು ಹಾಗೆಯೇ ಕಂಡಿದ್ದೆ.

ಮಂಚದ ಮೇಲೆ ಮುಸುಕು ಸರಿಯಿತು. ಹುಡುಗಿ ಇನ್ನೂ ಗೋಡೆಯ ಕಡೆಗೇ ಮುಖ ಮಾಡಿದ್ದಳು.

"ಅತ್ತೀ" ಎಂದಳು. "ನನ್ನ ಸೂಜಿ ಹೊತ್ತಾತ್ರಿ."